ಹಾಡು ಬೇಕು, ಹಾಡು ಕಟ್ಟಿದವಳು ಬೇಡವೆ?

ಕನ್ನಡ ಸಾಹಿತ್ಯದ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಹತ್ತೊಂಬತ್ತನೆಯ ಶತಮಾನಕ್ಕೆ ಬಂದೊಡನೆ ಒಂದು ನಿಟ್ಟುಸಿರು ಬಿಡುತ್ತಾರೆ. ಕೆಲವರು ಅದನ್ನು ಸಂಧಿಕಾಲ ಎನ್ನುತ್ತಾರೆ. ಕೆಲವರು ಬರಗಾಲವೆಂದೇ ಹೇಳಿಬಿಡುತ್ತಾರೆ. 1823ರಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ ಎಂಬ ಒಂದು ದೀಪ. ಶತಮಾನದ ಕೊನೆಗೆ ಮುದ್ದಣನೆಂಬ ಇನ್ನೊಂದು ದೀಪ. ನಡುವೆ ಪಾದ್ರಿಗಳ ಅಚ್ಚುಕೂಟ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ಒಂದಷ್ಟು ಭಾಷಾಂತರದ ನಾಟಕಗಳು. ಇಷ್ಟು ಹೇಳಿ ಮುಗಿಸಿ, ಬೆವರೊರೆಸಿಕೊಂಡು, ಲೇಖಕರು ನವೋದಯದ ನೆರಳಿಗೆ ಬಂದು ಕುಳಿತುಬಿಡುತ್ತಾರೆ.

ಈ ಬರಗಾಲದ ಮಾತನ್ನು ನಾನು ಒಪ್ಪುವುದಿಲ್ಲ. ‘ಮುದ್ರಾಮಂಜೂಷ’ ಹುಟ್ಟಿದ ಅದೇ 1823ರಲ್ಲಿ, ಹೊಸಪೇಟೆಯ ಸೀಮೆಯ ನಾರಾಯಣದೇವರಕೆರೆ ಎಂಬ ಊರಿನಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ಮುದ್ದಣ ತೀರಿಕೊಂಡದ್ದು 1901ರಲ್ಲಿ. ಆಕೆ ತೀರಿಕೊಂಡದ್ದು 1903ರಲ್ಲಿ. ಅಂದರೆ ನಮ್ಮ ಪಂಡಿತರು ಯಾವ ಕಾಲವನ್ನು ಬಂಜೆ ಎಂದು ಕರೆದರೋ, ಆ ಕಾಲದ ಮೊದಲಿಂದ ಕೊನೆಯವರೆಗೆ ಒಬ್ಬ ಹೆಣ್ಣುಮಗಳು ಬದುಕಿದ್ದರು, ಹಾಡು ಕಟ್ಟುತ್ತಿದ್ದರು, ಕಥೆ ಹೆಣೆಯುತ್ತಿದ್ದರು. ಅವರೇ ಹರಪನಹಳ್ಳಿ ಭೀಮವ್ವನವರು.

ಈ ಹೆಸರನ್ನು ಕೇಳದ ವಾಚಕರು ಇರಬಹುದು. ಆದರೆ ಅವರ ಮನೆಯ ಮದುವೆಯಲ್ಲಿ, ಗೌರಿಯ ಪೂಜೆಯಲ್ಲಿ, ಶುಕ್ರವಾರದ ಆರತಿಯಲ್ಲಿ ಈಕೆಯ ಹಾಡು ಕೇಳಿಸಿರುವ ಸಂಭವ ಬಹಳ. ನನ್ನ ವಾದವೆಲ್ಲ ಇರುವುದು ಇಲ್ಲಿಯೇ. ಹಾಡು ಗೊತ್ತಿದೆ, ಕವಿ ಗೊತ್ತಿಲ್ಲ. ಹಾಡು ನಮಗೆ ಬೇಕು. ಕಟ್ಟಿದವಳು ಸಾಹಿತ್ಯ ಚರಿತ್ರೆಯ ಪಂಕ್ತಿಯಲ್ಲಿ ಕೂಡುವುದು ಮಾತ್ರ ಬೇಡ.

ಭೀಮವ್ವನವರ ಬಾಳಿನ ಕಥೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆ ಕಾಲದ ಹೆಣ್ಣಿನ ಬಾಳು ದಾಖಲೆಗೆ ಬೀಳುತ್ತಿದ್ದುದೇ ಅಷ್ಟು. ಚಿಕ್ಕಂದಿನಲ್ಲಿಯೇ ಮದುವೆ; ಸೇರಿದ ಮನೆ ಹರಪನಹಳ್ಳಿಯದು. ನಡುವಯಸ್ಸಿನಲ್ಲಿ ವೈಧವ್ಯ. ಕನಸಿನಲ್ಲಿ ನಾರದರ ಉಪದೇಶವಾಯಿತೆಂಬ ಐತಿಹ್ಯ. ‘ಭೀಮೇಶಕೃಷ್ಣ’ ಎಂಬ ಅಂಕಿತ. ಉಳಿದದ್ದೆಲ್ಲ ಹಾಡು: ‘ಸುಭದ್ರಾ ಕಲ್ಯಾಣ’, ‘ರತಿ ಕಲ್ಯಾಣ’, ‘ನಳಚರಿತ್ರೆ’, ‘ಸುಧಾಮ ಚರಿತ್ರೆ’ ಎಂಬ ದೊಡ್ಡ ಕಥನಗಳು, ಜೊತೆಗೆ ದೇವರ ನಾಮಗಳು, ಆರತಿಯ ಹಾಡುಗಳು, ಮಂಗಳದ ಹಾಡುಗಳು. ಇಷ್ಟನ್ನು ಒಬ್ಬ ಗಂಡಸು ಬರೆದಿದ್ದರೆ ಅವನ ಹೆಸರಿನ ಹಿಂದೆ ‘ಕವಿ’ ಎಂಬ ಎರಡಕ್ಷರ ಸೇರಿಸಲು ನಾವು ಯಾರನ್ನೂ ಕೇಳಲು ಹೋಗುತ್ತಿರಲಿಲ್ಲ.

ಹರಪನಹಳ್ಳಿಯ ಹೆಣ್ಣುಮಗಳ ವಿಷಯಕ್ಕೆ ರಾಯಚೂರಿನವರಿಗೇಕೆ ಇಷ್ಟು ಸಂಕಟ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮದು ದಾಸರ ಸೀಮೆ ಎಂದು ನಾವು ಎದೆ ತಟ್ಟಿ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲು ಹಕ್ಕೂ ಇದೆ. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು (1728–1809) ಮಾನ್ವಿಯ ಹತ್ತಿರದ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಒಂದು ಜಿಲ್ಲೆಯ ಎರಡು ತಾಲ್ಲೂಕುಗಳಿಂದ ನೂರು ವರ್ಷದೊಳಗೆ ಇಂಥ ಮೂವರು ಬಂದರು. ಅವರ ಆರಾಧನೆಗಳು ನಡೆಯುತ್ತವೆ, ಪಲ್ಲಕ್ಕಿ ಏಳುತ್ತದೆ, ಪ್ರವಚನಗಳಾಗುತ್ತವೆ. ಇದೆಲ್ಲ ಆಗಬೇಕಾದದ್ದೇ.

ಆದರೆ ಈ ದಾಸರ ಹಾಡುಗಳನ್ನು ಎರಡು ಶತಮಾನಗಳ ಕಾಲ ಕಾಪಾಡಿದವರು ಯಾರು? ನಿಜಾಮರ ಆಡಳಿತದಲ್ಲಿ ರಾಯಚೂರಿನ ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಶಾಲೆಗೆ ಹೋದ ಗಂಡುಹುಡುಗ ಸರಕಾರಿ ನೌಕರಿಗಾಗಿ ಉರ್ದು ಕಲಿತ. ಕನ್ನಡವು ಬಯಲಾಟದಲ್ಲಿ, ತತ್ವಪದದಲ್ಲಿ, ಭಜನೆಯಲ್ಲಿ ಉಳಿಯಿತು. ಅಷ್ಟೇ ಪ್ರಮಾಣದಲ್ಲಿ ಅಡಿಗೆಮನೆಯಲ್ಲಿ, ತುಳಸಿಕಟ್ಟೆಯಲ್ಲಿ, ಬೀಸುಕಲ್ಲಿನ ಮುಂದೆ ಉಳಿಯಿತು. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿಗೆ ಕನ್ನಡ ಹಿಂತಿರುಗಿತು. ಹೆಂಗಸರ ಬಾಯಿಂದ ಅದು ಎಂದೂ ಹೊರಗೆ ಹೋಗಿರಲೇ ಇಲ್ಲ. ಇದನ್ನು ಮರೆತು ನಾವು ದಾಸಸಾಹಿತ್ಯದ ಚರಿತ್ರೆಯನ್ನು ಗುರುಶಿಷ್ಯರ ವಂಶಾವಳಿಯಂತೆ, ಅದೂ ಗಂಡಸರ ವಂಶಾವಳಿಯಂತೆ ಬರೆಯುತ್ತೇವೆ.

ಆ ಕಾಲದಲ್ಲಿ ತುಂಗಭದ್ರೆಯ ಆಚೆಯ ದಡದ ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು; ಈಚೆಯ ದಡ ನಿಜಾಮರದು. ನಾಣ್ಯ ಬೇರೆ, ಕಾಯಿದೆ ಬೇರೆ, ಕಚೇರಿಯ ಭಾಷೆ ಬೇರೆ. ಹಾಡಿಗೆ ಮಾತ್ರ ಸುಂಕದ ಕಟ್ಟೆ ಇರಲಿಲ್ಲ. ಆಚೆ ದಡದ ಮಗಳು ಈಚೆ ದಡಕ್ಕೆ ಸೊಸೆಯಾಗಿ ಬಂದಾಗ ಅವಳ ಜೊತೆಗೆ ಹಾಡು ಬಂತು. ‘ಭೀಮೇಶಕೃಷ್ಣ’ನ ಅಂಕಿತದ ಹಾಡುಗಳನ್ನು ನಾನು ಕೇಳಿದ್ದು ಹರಪನಹಳ್ಳಿಯಲ್ಲಿ ಅಲ್ಲ, ರಾಯಚೂರಿನಲ್ಲಿ, ಮಾನ್ವಿಯಲ್ಲಿ, ದೇವದುರ್ಗದಲ್ಲಿ. ಹಾಡುತ್ತಿದ್ದ ಅಜ್ಜಿಯರಿಗೆ ಹರಪನಹಳ್ಳಿ ಯಾವ ದಿಕ್ಕಿನಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಆ ಹಾಡು ತಮ್ಮ ತವರುಮನೆಯದು ಎಂಬುದಷ್ಟೇ ಅವರಿಗೆ ಗೊತ್ತಿತ್ತು.

ಇನ್ನೊಂದು ನಂಟೂ ಇದೆ. ಭೀಮವ್ವನವರು ಹುಟ್ಟಿದ ನಾರಾಯಣದೇವರಕೆರೆ ಇಂದು ಇಲ್ಲ. 1953ರಲ್ಲಿ ತುಂಬಿದ ತುಂಗಭದ್ರಾ ಜಲಾಶಯದಲ್ಲಿ ಅದು ಮುಳುಗಿತು. ಊರವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಜಲಾಶಯದ ನೀರೇ ಎಡದಂಡೆಯ ಕಾಲುವೆಯಲ್ಲಿ ಹರಿದು ಬಂದು ಮಾನ್ವಿಯ ಭತ್ತದ ಗದ್ದೆಗಳನ್ನು ಹಸಿರು ಮಾಡಿದೆ. ಅವರ ತವರನ್ನು ಮುಳುಗಿಸಿದ ನೀರನ್ನು ಕುಡಿದು ಬೆಳೆದವರು ನಾವು. ಅವರ ಹೆಸರನ್ನೂ ಮುಳುಗಿಸಿ ಕೂಡುವುದು ನ್ಯಾಯವಲ್ಲ.

ಇನ್ನು ಪಂಡಿತರ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು: “ಆಕೆ ಭಕ್ತೆ, ಕವಿಯಲ್ಲ, ಕನಸಿನಲ್ಲಿ ಉಪದೇಶವಾಗಿ ಬಾಯಿಗೆ ಬಂದದ್ದನ್ನು ಹಾಡಿದಳು.” ಕೇಳುವುದಕ್ಕೆ ಇದು ದೊಡ್ಡ ಗೌರವದ ಮಾತು. ಆದರೆ ಇದರೊಳಗೆ ಒಂದು ಮುಳ್ಳಿದೆ. ಚೀಕಲಪರವಿಯ ವಿಜಯದಾಸರಿಗೆ ಕಾಶಿಯಲ್ಲಿ ಪುರಂದರದಾಸರು ಕನಸಿನಲ್ಲಿಯೇ ಬಂದು ಅಂಕಿತ ಕೊಟ್ಟರೆಂದು ಸಂಪ್ರದಾಯವೆಲ್ಲ ಹೇಳುತ್ತದೆ. ಆ ಕನಸಿನಿಂದಾಗಿ ವಿಜಯದಾಸರ ಸುಳಾದಿಗಳು ಸಾಹಿತ್ಯವಲ್ಲವೆಂದು ಯಾರೂ ಹೇಳಲಿಲ್ಲ. ಬದಲು, ಅದೇ ಅವರ ಅಧಿಕಾರಕ್ಕೆ ಮುದ್ರೆಯಾಯಿತು. ಅಂಥದೇ ಕನಸು ಹೆಣ್ಣಿಗೆ ಬಿದ್ದರೆ ಅವಳ ಕರ್ತೃತ್ವವೇ ಕಳೆದುಹೋಗುತ್ತದೆ! ಗಂಡಸಿನ ಕನಸು ಪ್ರಮಾಣಪತ್ರ, ಹೆಂಗಸಿನ ಕನಸು ಪವಾಡ. ಇದು ಯಾವ ಮೀಮಾಂಸೆಯ ನ್ಯಾಯವೋ ಬಲ್ಲವರೇ ಹೇಳಬೇಕು.

ನಮ್ಮ ವ್ಯಾಕರಣವೂ ಇದಕ್ಕೆ ಸಾಕ್ಷಿ. ಉಪನ್ಯಾಸಗಳಲ್ಲಿ ‘ವಿಜಯದಾಸರು ಅಪ್ಪಣೆ ಕೊಡಿಸಿದರು’, ‘ಜಗನ್ನಾಥದಾಸರು ನಿರೂಪಿಸಿದರು’. ಆದರೆ ‘ಭೀಮವ್ವ ಹಾಡಿದಳು’, ‘ಗಿರಿಯಮ್ಮ ಹೇಳಿದಳು’. ಅಕ್ಕರೆಯ ಏಕವಚನ ಎಂದು ಸಮರ್ಥಿಸಬಹುದು. ಆ ಅಕ್ಕರೆ ದಾಸರ ಪಾಲಿಗೇಕೆ ಬರಲಿಲ್ಲವೆಂದು ನಾನು ಕೇಳುತ್ತೇನೆ. ಮನೆಯ ಮುದುಕಿಯರು ಇಂಥ ಪಂಕ್ತಿಭೇದ ಮಾಡುವುದಿಲ್ಲ. ಅವರ ಬಾಯಲ್ಲಿ ಆಕೆ ಯಾವಾಗಲೂ ‘ಭೀಮವ್ವನವರು’.

ಗಿರಿಯಮ್ಮನವರ ಮಾತು ಬಂತು. ಹದಿನೆಂಟನೆಯ ಶತಮಾನದಲ್ಲಿ ರಾಣೆಬೆನ್ನೂರಿನ ಕಡೆಯ ಆ ಹೆಣ್ಣುಮಗಳು ‘ಚಂದ್ರಹಾಸನ ಕಥೆ’ ಬರೆದರು. ‘ಹೆಳವನಕಟ್ಟೆ ರಂಗ’ ಎಂಬ ಅವರ ಅಂಕಿತಕ್ಕೆ ಒಪ್ಪಿಗೆಯಿತ್ತ ಗುರುಗಳು ಯಾರು? ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನ ಗೋಪಾಲದಾಸರು. ಒಬ್ಬ ಗೃಹಿಣಿ ಕಾವ್ಯ ರಚಿಸಬಹುದು, ತನ್ನ ಅಂಕಿತ ಹಾಕಬಹುದು ಎಂದು ಆ ಕಾಲದಲ್ಲಿ ಒಪ್ಪಿದ ಮಹಾನುಭಾವರ ನೆಲ ನಮ್ಮದು. ಅವರ ಆರಾಧನೆ ಮಾಡುವ ನಾವು ಅವರ ಧಾರಾಳವನ್ನು ಮಾತ್ರ ಉತ್ತರಾಧಿಕಾರದಲ್ಲಿ ಪಡೆಯಲಿಲ್ಲ.

ಎರಡನೆಯ ಆಕ್ಷೇಪಣೆ: “ಕವಿ ಎಂದು ಬೇಕಾದರೆ ಒಪ್ಪೋಣ, ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಟಕಕ್ಕೆ ಹೆಣ್ಣಿನ ಕೊಡುಗೆ ಏನೂ ಇಲ್ಲ.” ನಾಟಕವೆಂದರೆ ಅಂಕ, ಪರದೆ, ಟಿಕೇಟು, ಹಾರ್ಮೋನಿಯಂ ಎಂದು ತಿಳಿದವರು ಹೀಗೆ ಹೇಳುತ್ತಾರೆ. ಚುರಮುರಿ ಶೇಷಗಿರಿರಾಯರು 1870ರ ಸುಮಾರಿಗೆ ಶಾಕುಂತಲವನ್ನು ಕನ್ನಡಿಸಿದರು; ಗದುಗಿನಲ್ಲಿ ಶಾಂತಕವಿಗಳು ನಾಟಕ ಕಟ್ಟಿದರು; 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬಂತು. ಇವೆಲ್ಲ ನಡೆದಾಗ ಭೀಮವ್ವನವರು ಬದುಕಿದ್ದರು. ಅವರಿಗೆ ನಾಟಕಗೃಹದ ಬಾಗಿಲು ತೆರೆದಿರಲಿಲ್ಲ. ರಂಗದ ಮೇಲೆ ಶಕುಂತಲೆಯಾಗುತ್ತಿದ್ದವನೂ ಮೀಸೆ ಬೋಳಿಸಿದ ಗಂಡಸೇ. ಆದರೆ ಹೆಂಗಸರಿಗೆ ಬೇರೊಂದು ರಂಗವಿತ್ತು. ನಮ್ಮ ನಾಟಕದ ಚರಿತ್ರೆಕಾರರು ಅದನ್ನು ನೋಡಿಲ್ಲ, ಏಕೆಂದರೆ ಅಲ್ಲಿಗೆ ಗಂಡಸರಿಗೆ ಪ್ರವೇಶವಿರಲಿಲ್ಲ.

ಆ ರಂಗ ಮದುವೆಮನೆಯ ನಡುಮನೆ. ಉರುಟಣೆಯ ದಿನವನ್ನು ನೆನೆಯಿರಿ. ಹಸೆಯ ಮೇಲೆ ಮದುಮಕ್ಕಳು. ಒಂದು ಕಡೆ ಹೆಣ್ಣಿನವರು, ಇನ್ನೊಂದು ಕಡೆ ಗಂಡಿನವರು. ಅರಿಶಿನ ಹಚ್ಚುವಾಗ ಒಂದು ಹಾಡು, ಅಡಿಕೆ ಎಲೆ ಕೊಡುವಾಗ ಒಂದು ಹಾಡು, ಗಂಡನ ಹೆಸರು ಹೇಳಿಸುವಾಗ ಒಂದು ಹಾಡು, ಬೀಗಿತಿಯನ್ನು ಹಂಗಿಸುವುದಕ್ಕೆ ಹತ್ತು ಹಾಡು. ಒಂದು ಪಕ್ಷ ಚುಚ್ಚಿದರೆ ಇನ್ನೊಂದು ಪಕ್ಷ ಅದೇ ಧಾಟಿಯಲ್ಲಿ ತಿರುಗಿಸಿ ಚುಚ್ಚಬೇಕು. ಪಾತ್ರವುಂಟು, ಸಂಭಾಷಣೆಯುಂಟು, ವಿನೋದವುಂಟು, ವಿರಸ ಸರಸವಾಗುವ ಮುಕ್ತಾಯವುಂಟು, ಮಾತು ಮಾತಿಗೆ ನಗುವ ಸಭಿಕರುಂಟು. ಗಲಗಲಿ ಅವ್ವನವರ ಮುಯ್ಯದ ಹಾಡುಗಳು ಇಂಥ ರಂಗಕ್ಕೆ ಹುಟ್ಟಿದವೇ. ಇದು ನಾಟಕವಲ್ಲದಿದ್ದರೆ ಮತ್ತೇನು?

ಇಂಥ ಮನೆಗಳಲ್ಲಿಯೇ ‘ಸುಭದ್ರಾ ಕಲ್ಯಾಣ’ ಬಾಳಿತು. ಸುಭದ್ರೆಯ ಕಥೆಯಲ್ಲಿ ಏನಿಲ್ಲ? ಕಪಟ ಸಂನ್ಯಾಸಿಯ ವೇಷ, ಅಣ್ಣನ ಕಣ್ಣಿಗೆ ಮಣ್ಣು, ಇನ್ನೊಬ್ಬ ಅಣ್ಣನ ಒಳಸಂಚು, ಬಲರಾಮನ ಸಿಟ್ಟು, ಕೊನೆಗೆ ಮದುವೆ. ನಳನ ಕಥೆಯಲ್ಲಿ ಕಾಡಿನಲ್ಲಿ ಕೈಬಿಟ್ಟ ಗಂಡನನ್ನು ದಮಯಂತಿ ತನ್ನ ಉಪಾಯದಿಂದ ಕರೆತರಿಸಿ, ಅವನು ಮಾಡಿದ ಅಡಿಗೆಯ ರುಚಿಯಿಂದ ಗುರುತು ಹಿಡಿಯುತ್ತಾಳೆ. ಭಾರತದಲ್ಲಿ ನೂರಾರು ಉಪಾಖ್ಯಾನಗಳಿರುವಾಗ ಭೀಮವ್ವನವರು ಇವನ್ನೇ ಏಕೆ ಆರಿಸಿಕೊಂಡರು? ಹೆಂಗಸರ ಸಭೆಗೆ ಯಾವ ಕಥೆ ಒಪ್ಪುತ್ತದೆ, ಯಾವ ಘಟ್ಟದಲ್ಲಿ ಕೇಳುವವರು ಉಸಿರು ಹಿಡಿಯುತ್ತಾರೆ ಎಂಬುದನ್ನು ಬಲ್ಲವರ ಆಯ್ಕೆ ಅದು. ಅದೇ ನಾಟಕಕಾರನ ಮೊದಲ ವಿದ್ಯೆ.

ಹೋಲಿಕೆಗೆ ಶ್ರೀಕೃಷ್ಣ ಪಾರಿಜಾತವನ್ನು ತೆಗೆದುಕೊಳ್ಳಿ. ಅಪರಾಳ ತಮ್ಮಣ್ಣನ ಕೃತಿಯಿಂದ ಹುಟ್ಟಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ಬಯಲಿನ ಆಟವಾಗಿ ಬೆಳೆದದ್ದು ಅದು. ಇಬ್ಬರು ಸವತಿಯರ ನಡುವಿನ ಒಂದು ಹೂವಿನ ಜಗಳ. ಹಾಡಿನಲ್ಲಿಯೇ ಸಾಗುವ ಕಥೆ. ಗಂಡಸರು ಸೀರೆಯುಟ್ಟು ಬಯಲಿನಲ್ಲಿ ಭಾಮೆಯ ಸಿಟ್ಟನ್ನು ಹಾಡಿದರೆ ಅದು ರಂಗಭೂಮಿ, ಜಾನಪದ ನಾಟಕ, ಸಂಶೋಧನೆಗೆ ವಿಷಯ. ಹೆಂಗಸರು ತಮ್ಮ ಸೀರೆಯಲ್ಲಿಯೇ ನಡುಮನೆಯಲ್ಲಿ ಅಂಥದೇ ಸಿಟ್ಟನ್ನು ಹಾಡಿದರೆ ಅದು ‘ಹೆಂಗಸರ ಹಾಡು’. ನಡುಮನೆಗೂ ಬಯಲಿಗೂ ನಡುವೆ ಒಂದು ಹೊಸ್ತಿಲು ಮಾತ್ರ ಇದೆ. ಆ ಹೊಸ್ತಿಲನ್ನೇ ಸಾಹಿತ್ಯದ ಎಲ್ಲೆ ಮಾಡಿದವರು ನಾವು.

ನೆರೆಯ ತೆಲುಗರನ್ನು ನೋಡಿ ಕಲಿಯಬಹುದು. ಚಿತ್ತೂರು ಸೀಮೆಯ ತರಿಗೊಂಡ ವೆಂಗಮಾಂಬೆ (1730–1817) ಎಳೆಯ ವಯಸ್ಸಿನಲ್ಲಿ ವಿಧವೆಯಾದವರು. ಕಾವ್ಯ ಬರೆದರು, ಯಕ್ಷಗಾನಗಳನ್ನೂ ಬರೆದರು. ತೆಲುಗು ಸಾಹಿತ್ಯ ಚರಿತ್ರೆ ಅವರನ್ನು ಕವಯಿತ್ರಿ ಎಂದೂ ಯಕ್ಷಗಾನಕರ್ತ್ರಿ ಎಂದೂ ಎಣಿಸುತ್ತದೆ. ಭಕ್ತೆ ಎಂಬ ಕಾರಣಕ್ಕೆ ಹೊರಗೆ ನಿಲ್ಲಿಸಿಲ್ಲ. ರಾಯಚೂರಿನಿಂದ ತಿರುಪತಿಗೆ ಹೋಗುವವರು ಬೆಟ್ಟದ ಮೇಲೆ ಸಾವಿರಾರು ಜನರ ಪಂಕ್ತಿಯಲ್ಲಿ ಪ್ರಸಾದದ ಊಟ ಮಾಡಿ ಬರುತ್ತಾರಲ್ಲ, ಆ ಭೋಜನಶಾಲೆಗೆ ಇರುವುದು ಈ ವೆಂಗಮಾಂಬೆಯ ಹೆಸರೇ. ಒಬ್ಬ ಕವಯಿತ್ರಿಯ ಹೆಸರಿನಲ್ಲಿ ಉಂಡು ಬರುವ ನಾವು ನಮ್ಮವಳ ಹೆಸರಿನಲ್ಲಿ ಒಂದು ಓಣಿಗಾದರೂ ಫಲಕ ಹಾಕುವ ಯೋಚನೆ ಮಾಡಿದ್ದೇವೆಯೆ?

ಕನ್ನಡ ನೆಲದ ಹೆಣ್ಣು ಇಂಥ ಹೋರಾಟ ಅರಿಯದವಳೇನೂ ಅಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಂಜಾವೂರಿನ ಮುದ್ದುಪಳನಿಯ ತೆಲುಗು ಕಾವ್ಯವನ್ನು 1910ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಸರಕಾರ ಅದನ್ನು ಮುಟ್ಟುಗೋಲು ಹಾಕಿತು. ಆದರೂ ಅವರು ಕವಯಿತ್ರಿಯ ಪಕ್ಷ ಬಿಡಲಿಲ್ಲ. ಗಂಡುಕವಿಗಳಿಗೆ ಸಲ್ಲುವ ಶೃಂಗಾರ ಹೆಣ್ಣಿಗೆ ಏಕೆ ಸಲ್ಲದು ಎಂಬುದು ಅವರ ಪ್ರಶ್ನೆ. ತೆಲುಗಿನ ಒಬ್ಬ ಕವಯಿತ್ರಿಗಾಗಿ ಕನ್ನಡ ನೆಲದ ಹೆಣ್ಣು ಸರಕಾರವನ್ನೇ ಎದುರು ಹಾಕಿಕೊಂಡಳು. ಭೀಮವ್ವನವರ ಪುಸ್ತಕವನ್ನು ಮುಟ್ಟುಗೋಲು ಹಾಕುವ ತೊಂದರೆಯನ್ನು ಯಾವ ಸರಕಾರವೂ ತೆಗೆದುಕೊಳ್ಳಲಿಲ್ಲ. ನಮ್ಮ ಉದಾಸೀನವೇ ಆ ಕೆಲಸವನ್ನು ಅಗ್ಗವಾಗಿ ಮಾಡಿಕೊಟ್ಟಿತು.

ಈಗ ನನ್ನ ಮನಸ್ಸನ್ನು ಬಹಳವಾಗಿ ಕಲಕಿದ ಸಂಗತಿಗೆ ಬರುತ್ತೇನೆ. ಭೀಮವ್ವನವರು ವಿಧವೆ. ಆ ಕಾಲದ ಸಂಪ್ರದಾಯಸ್ಥರ ಮನೆಯಲ್ಲಿ ವಿಧವೆಗೆ ಮದುವೆಯ ಚಪ್ಪರದಲ್ಲಿ ಸ್ಥಾನವಿಲ್ಲ. ಹಸೆ ಬರೆಯುವಂತಿಲ್ಲ, ಆರತಿ ಎತ್ತುವಂತಿಲ್ಲ, ಮದುಮಗಳಿಗೆ ಅರಿಶಿನ ಹಚ್ಚುವಂತಿಲ್ಲ. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬರುವಂತೆಯೂ ಇಲ್ಲ. ಆದರೆ ಅವರು ಕಟ್ಟಿದ ಹಾಡಿಗೆ ಈ ಯಾವ ನಿಷೇಧವೂ ಇಲ್ಲ! ಮುತ್ತೈದೆಯರು ಸಾಲಾಗಿ ಕುಳಿತು ಮದುಮಕ್ಕಳನ್ನು ಹರಸಿ ಹಾಡುವುದು ವಿಧವೆಯ ಹಾಡನ್ನು. ಗಂಡನನ್ನು ಕಳೆದುಕೊಂಡು ಮತ್ತೆ ಪಡೆದ ರತಿಯ ಕಲ್ಯಾಣವನ್ನು ಬರೆದವರು, ಕಳೆದುಕೊಂಡವನನ್ನು ಮತ್ತೆ ಪಡೆಯಲಾರದ ಒಬ್ಬ ಹೆಣ್ಣುಮಗಳು. ಹಾಡು ಮಂಗಳ, ಹಾಡು ಕೊಟ್ಟ ಕೈ ಅಮಂಗಳ. ನಮ್ಮ ಸಮಾಜದ ಕಪಟಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಸಾಹಿತ್ಯ ಚರಿತ್ರೆ ಮಾಡಿದ್ದೂ ಇದನ್ನೇ: ಹಾಡನ್ನು ಒಳಗೆ ಕರೆದುಕೊಂಡು, ಹಾಡು ಕಟ್ಟಿದವಳನ್ನು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿತು.

ಮೂರನೆಯ ಆಕ್ಷೇಪಣೆಯನ್ನು ಹೇಳುವವರು ನಮ್ಮ ಪ್ರಗತಿಪರರು. “ಇದು ಒಂದು ಜಾತಿಯ ಅಡಿಗೆಮನೆಯ ಸಾಹಿತ್ಯ, ಜನತೆಗೂ ಇದಕ್ಕೂ ಏನು ಸಂಬಂಧ?” ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಮುಚ್ಚಿಡುವುದಿಲ್ಲ. ದಾಸರ ಹಾಡು ಬೆಳೆದದ್ದು ಮುಖ್ಯವಾಗಿ ಮಾಧ್ವರ ಮನೆಗಳಲ್ಲಿ. ಹೊಲದಲ್ಲಿ ಕಳೆ ತೆಗೆಯುತ್ತಾ, ಜೋಳ ಬೀಸುತ್ತಾ ಹಾಡಿದ ಹೆಂಗಸಿಗೆ ಅಂಕಿತ ಹಾಕುವ ಅವಕಾಶವೂ ಇರಲಿಲ್ಲ. ಅವಳ ಹೆಸರು ಪೂರ್ತಿ ಅಳಿಸಿಹೋಯಿತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ನಾಡು ಆ ಹಾಡುಗಳ ಸೊಬಗಿಗೆ ಬೆರಗಾಯಿತು. ಗರತಿ ಯಾರೆಂದು ಕೇಳುವ ದಾರಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಭೀಮವ್ವನವರಿಗೆ ಸಿಕ್ಕ ಸೌಕರ್ಯ ಆ ತಾಯಂದಿರಿಗೆ ಸಿಕ್ಕಿರಲಿಲ್ಲವೆಂಬುದು ದಿಟ. ಆದರೆ ಹೆಸರಿಲ್ಲದವರ ಪರವಾಗಿ ಮಾತನಾಡುತ್ತೇವೆಂದು ಹೆಸರಿದ್ದವಳ ಹೆಸರನ್ನೂ ಅಳಿಸುವುದು ಯಾವ ಪ್ರಗತಿ? ಸ್ವಂತ ಅಂಕಿತ ಹಾಕಿದ ಒಬ್ಬ ಹೆಣ್ಣಿನ ಹಕ್ಕನ್ನು ಕೊಡದವರು, ಅಂಕಿತವೇ ಇಲ್ಲದವಳ ಹಕ್ಕನ್ನು ಎಲ್ಲಿಂದ ಕೊಡುತ್ತಾರೆ?

ನಾಲ್ಕನೆಯ ಆಕ್ಷೇಪಣೆ ಗುಣದ್ದು. “ಸರಳ ಭಾಷೆ, ಅದೇ ಅದೇ ವರ್ಣನೆ, ಆಭರಣಗಳ ಪಟ್ಟಿ, ಭಕ್ಷ್ಯಗಳ ಪಟ್ಟಿ. ಇದರಲ್ಲಿ ಕಾವ್ಯವೆಲ್ಲಿ?” ಚಂಪೂ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ತಾಳ್ಮೆಯಿಂದ ಓದಿ ಪದವಿ ಪಡೆದ ಮಹನೀಯರ ಬಾಯಿಂದ ಈ ಮಾತು ಕೇಳಿದಾಗ ನಗು ತಡೆಯುವುದು ಕಷ್ಟ. ಸಮುದ್ರವನ್ನೇ ಕಾಣದ ಕವಿ ಸಮುದ್ರವರ್ಣನೆ ಮಾಡಿದರೆ ಸಂಪ್ರದಾಯ. ಮಂಡಿಗೆ ಹೋಳಿಗೆಗಳನ್ನು ಕೈಯಾರೆ ಮಾಡಿದವರು ಅವುಗಳ ಹೆಸರು ಹಾಡಿದರೆ ಪುನರುಕ್ತಿ! ಮೇಲಾಗಿ, ಇವು ಓದುವ ಹಾಡುಗಳಲ್ಲ. ಧಾಟಿಯನ್ನು ತೆಗೆದು ಬರಿಯ ಅಕ್ಷರವನ್ನು ತೂಕಕ್ಕೆ ಹಾಕುವುದು, ನಾಟಕದ ಹಸ್ತಪ್ರತಿಯನ್ನು ಕತ್ತಲೆಯಲ್ಲಿ ಮುಟ್ಟಿ ನೋಡಿ ನಟನೆ ಸಪ್ಪೆ ಎಂದಂತೆ. ಒಳ್ಳೆಯವೂ ಇವೆ, ಸಾಧಾರಣವೂ ಇವೆ. ಆರಿಸಿ ಹೇಳುವುದು ವಿಮರ್ಶಕರ ಕೆಲಸ. ಆರಿಸುವ ಮೊದಲೇ ಗಂಟನ್ನು ಅಟ್ಟಕ್ಕೆ ಎಸೆಯುವುದಕ್ಕೆ ವಿಮರ್ಶೆ ಎಂಬ ಹೆಸರಿಲ್ಲ.

ಯಾರೂ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಗೊರೆಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಹುಡುಕಿ ಅಚ್ಚು ಹಾಕಿಸಿದ್ದು ಒಂದು ವಿಶ್ವವಿದ್ಯಾಲಯ ಮಾಡುವಂಥ ಕೆಲಸ. ಊರೂರಿನ ಮಹಿಳಾ ಭಜನಾ ಮಂಡಳಿಗಳು ಹಾಡುಗಳನ್ನು ಜೀವಂತ ಇಟ್ಟಿವೆ. ಭೀಮವ್ವನವರ ಹಾಡಿನ ಸಂಗ್ರಹಗಳೂ ಅಚ್ಚಾಗಿವೆ. ಆದರೆ ಅಚ್ಚಾದದ್ದು ಮಠದ ಅಂಗಡಿಯಲ್ಲಿ ಉಳಿಯಿತು; ಕನ್ನಡ ವಿಭಾಗದ ತರಗತಿಗೆ ಬರಲಿಲ್ಲ. ಭಕ್ತರು ಅದನ್ನು ಪೂಜೆಯ ಸಾಮಗ್ರಿಯೊಂದಿಗೆ ಇಟ್ಟರು. ಪಂಡಿತರು ಅದನ್ನು ಪೂಜೆಯ ಸಾಮಗ್ರಿ ಎಂದೇ ತಿಳಿದರು. ಇಬ್ಬರ ನಡುವೆ ಕವಿ ಕಳೆದುಹೋದರು.

ಪರಿಷತ್ತಿನ ಸಮ್ಮೇಳನ ರಾಯಚೂರಿಗೆ ಮೂರು ಸಲ ಬಂದಿದೆ; ಅವುಗಳಲ್ಲಿ ಎರಡು: 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ, 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ. 1915ರಲ್ಲಿ ಶುರುವಾದ ಈ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಮೊದಲ ಸಲ ಒಬ್ಬ ಮಹಿಳೆ, ಜಯದೇವಿತಾಯಿ ಲಿಗಾಡೆಯವರು, ಕೂಡುವ ಹೊತ್ತಿಗೆ 1974 ಬಂದಿತ್ತು. ಬದುಕಿದ್ದವರಿಗೇ ಐವತ್ತೊಂಬತ್ತು ವರ್ಷ ಕಾಯಿಸಿದ ನಾವು ಸತ್ತವರನ್ನು ಎಷ್ಟು ಕಾಯಿಸುತ್ತೇವೋ!

ಆಗಬೇಕಾದದ್ದೇನು? ನನ್ನ ಬೇಡಿಕೆ ದೊಡ್ಡದಲ್ಲ. ರಾಯಚೂರಿನಲ್ಲಿ ಈಗ ಒಂದು ವಿಶ್ವವಿದ್ಯಾಲಯವಿದೆ. ಅದರ ಕನ್ನಡ ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯಲ್ಲಿ ಮಾನ್ವಿ, ದೇವದುರ್ಗ, ರಾಯಚೂರಿನ ಓಣಿಗಳಿಗೆ ಹೋಗಲಿ. ಪ್ರತಿ ಮನೆಯಲ್ಲಿ ಒಂದು ಹಾಡಿನ ವಹಿ ಇರುತ್ತದೆ: ಹಳೆಯ ಲೆಕ್ಕದ ಪುಸ್ತಕ, ಮಗನ ಶಾಲೆಯ ನೋಟುಬುಕ್ಕಿನ ಉಳಿದ ಹಾಳೆ, ಎಣ್ಣೆ ಅರಿಶಿನಗಳ ಕಲೆಯಾದದ್ದು. ಅದನ್ನು ನಕಲು ಮಾಡಿಕೊಳ್ಳಲಿ. ಹಾಡು ಬಲ್ಲ ಅಜ್ಜಿಯರ ದನಿಯನ್ನು ಮುದ್ರಿಸಿಕೊಳ್ಳಲಿ, ಏಕೆಂದರೆ ಅಕ್ಷರ ಕಾಗದದಲ್ಲಿ ಉಳಿದೀತು, ಧಾಟಿ ಉಳಿಯುವುದು ಕಂಠದಲ್ಲಿ ಮಾತ್ರ. ಒಬ್ಬ ಅಜ್ಜಿ ತೀರಿಕೊಂಡರೆ ಇಪ್ಪತ್ತು ಧಾಟಿಗಳು ಅವಳೊಂದಿಗೆ ಹೋಗುತ್ತವೆ. ಅವಕ್ಕೆ ಎರಡನೆಯ ಪ್ರತಿಯಿಲ್ಲ. ಅಂಕಿತ ನೋಡಿ ಹಾಡುಗಳನ್ನು ವಿಂಗಡಿಸಿ, ಗಿರಿಯಮ್ಮನವರವು ಯಾವುವು, ಭೀಮವ್ವನವರವು ಯಾವುವು, ಹೆಸರಿಲ್ಲದ ತಾಯಂದಿರವು ಯಾವುವು ಎಂದು ಪಟ್ಟಿ ಮಾಡಲಿ. ಪಠ್ಯಪುಸ್ತಕದಲ್ಲಿ ಮುದ್ದಣನ ಪಕ್ಕದಲ್ಲಿ ಭೀಮವ್ವನವರಿಗೆ ನಾಲ್ಕು ಪುಟ ಕೊಡಲಿ.

ಎರಡನೆಯ ಬೇಡಿಕೆ ರಂಗದವರಿಗೆ. ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ಭೀಮವ್ವನವರ ಮುಳುಗಿದ ಊರಿನವರು ನೆಲೆಸಿದ ಮರಿಯಮ್ಮನಹಳ್ಳಿಯಂತೂ ರಂಗಕಲಾವಿದೆಯರಿಗೆ ನಾಡಿನಲ್ಲೆಲ್ಲ ಹೆಸರಾದ ಊರು. ‘ಸುಭದ್ರಾ ಕಲ್ಯಾಣ’ವನ್ನೋ ‘ನಳಚರಿತ್ರೆ’ಯನ್ನೋ ಹೆಣ್ಣುಮಕ್ಕಳೇ ಸೇರಿ ಹಳೆಯ ಧಾಟಿಯಲ್ಲಿ ಹಾಡಿ ಆಡಿ ತೋರಿಸಲಿ. ಗಂಡಸರು ಟಿಕೇಟು ಕೊಂಡು ಕುಳಿತು ನೋಡಲಿ. ಇದು ನಾಟಕವೋ ಅಲ್ಲವೋ ಎಂಬ ವಾದ ಅಂದು ರಾತ್ರಿಯೇ ತೀರ್ಮಾನವಾಗುತ್ತದೆ.

ಮೂರನೆಯದು ವಾಚಕರಿಗೆ, ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ದಾಸರ ಹಾಡುಗಳಲ್ಲಿ ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಆರತಿಯ ತಟ್ಟೆಗೆ ಬತ್ತಿ ಹುಡುಕುತ್ತಿರುತ್ತಾರೆ, ಒಬ್ಬರು ಎಲೆ ಹಾಕಿಸಲು ಎದ್ದಿರುತ್ತಾರೆ, ಕವಿಯ ಹೆಸರು ಗದ್ದಲದಲ್ಲಿ ಹೋಗಿಬಿಡುತ್ತದೆ. ಮುಂದಿನ ಸಲ ಕೊನೆಯ ನುಡಿ ಮುಗಿಯುವವರೆಗೆ ಕುಳಿತುಕೊಳ್ಳಿ. ‘ಭೀಮೇಶಕೃಷ್ಣ’ ಎಂದು ಕೇಳಿಸಿದರೆ, ಪಕ್ಕದಲ್ಲಿರುವ ಮಗಳಿಗೋ ಮೊಮ್ಮಗಳಿಗೋ, ಇದನ್ನು ಕಟ್ಟಿದವರು ಹರಪನಹಳ್ಳಿಯ ಭೀಮವ್ವನವರು, 1823ರಿಂದ 1903ರವರೆಗೆ ಇದ್ದವರು, ದೊಡ್ಡ ಕವಿ ಎಂದು ಒಂದು ಮಾತು ಹೇಳಿ. ಪಂಡಿತರು ಚರಿತ್ರೆಯನ್ನು ತಿದ್ದುವವರೆಗೆ ಇಷ್ಟನ್ನಾದರೂ ನಮ್ಮ ಮನೆಗಳಲ್ಲಿ ನಾವೇ ಮಾಡಬಹುದು.